ಹೊನ್ನಾವರದ ಕಡಲ ಮನೆಗೆ ಘಟ್ಟದ ಮೇಲಿನ ಆಚಾರ್ರ ಕೆಲಸ

ಸಾಗರದ ಸೊರಬ ರಸ್ತೆಯಲ್ಲಿ ಹಳೆ ಮರದಲ್ಲಿ ಬಡಗಿ ಕೆಲಸ ಮಾಡುವ ಒಂದು ಶೆಡ್ ಇದೆ. ಬೋರ್ಡ್ ಇಲ್ಲ. ಕೆಡವಿದ ಮನೆಗಳ ಬಾಗಿಲು, ತೊಲೆ, ಕಂಬಗಳನ್ನು ಮುಂದೆ ಒರಗಿಸಿಟ್ಟಿರುತ್ತಾರೆ, ಅದೇ ಗುರುತು. ಎಲ್ಲರೂ ಆಚಾರ್ರ ಶೆಡ್ ಎಂದೇ ಕರೆಯುತ್ತಾರೆ. ಹೊನ್ನಾವರದ ಹತ್ತಿರ ಕಾಸರಕೋಡಿನಲ್ಲಿರುವ ನಮ್ಮ ಸಣ್ಣ ಮನೆಯ ಒಳಗಿನ ಕೆಲಸವನ್ನೆಲ್ಲ ಮಾಡಿಕೊಟ್ಟವರು ಈ ಆಚಾರ್ರು ಮತ್ತು ಅವರ ಮಗ. ಕೆಲಸ ಮುಗಿದ ಕೂಡಲೇ ಬರೆಯಬಹುದಿತ್ತು. ಆದರೆ ಕಡಲ ಪಕ್ಕದ ಮನೆಯ ಸಾಮಾನು ಹೇಗಿದೆ ಎಂದು ಹೇಳಬೇಕಾದರೆ ಅದು ಒಂದು ಮಳೆಗಾಲ ದಾಟಬೇಕು. ಈಗ ದಾಟಿದೆ. ಕೆಲಸ ತುಂಬಾ ಚೆನ್ನಾಗಿದೆ. ತೊಂದರೆಗಳೂ ಇವೆ, ಅವನ್ನೂ ಬರೆಯುತ್ತೇನೆ.

ಮನೆ ನಮ್ಮ ಅತ್ತೆಯ ತವರಿನ ಕಡೆಯದು. ಶರಾವತಿ ಸಮುದ್ರ ಸೇರುವ ಜಾಗದಿಂದ ಸ್ವಲ್ಪ ದಕ್ಷಿಣಕ್ಕಿದೆ. ಚಿರೇಕಲ್ಲಿನ ಗೋಡೆ, ಮಂಗಳೂರು ಹೆಂಚು, ಕೆಂಪು ಕಾವಿ ನೆಲ, ಮುಂದೆ ಉದ್ದದ ಜಗಲಿ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳು, ನೆಂಟರು ಸೇರಿ ಕಾಲಿಡಲು ಜಾಗ ಇರುವುದಿಲ್ಲ. ಮಳೆ ಶುರುವಾದರೆ ದೀಪಾವಳಿವರೆಗೆ ಹೆಚ್ಚುಕಡಿಮೆ ಬೀಗ. ಇಂಥ ಮನೆಗೆ ಏನು ಬೇಕು ಅನ್ನುವುದು ಊರಿನ ಮನೆಯ ಲೆಕ್ಕವೇ ಅಲ್ಲ.

ಮೊದಲು ಒಂದು ಇಂಟೀರಿಯರ್ ಆಫೀಸಿನಿಂದ ಪ್ಲಾನ್ ಮಾಡಿಸಿದ್ದೆವು. ಕಂಪ್ಯೂಟರ್ ಪರದೆಯಲ್ಲಿ ಚಂದವೇ ಇತ್ತು. ಬಿಳಿ ಲ್ಯಾಮಿನೇಟ್ ಕಪಾಟು, ನೀಲಿ ಪಟ್ಟೆಯ ಸೋಫಾ, ಗೋಡೆಗೆ ಲಂಗರು, ಹಗ್ಗ ಸುತ್ತಿದ ಕನ್ನಡಿ, ಹೆಂಚಿನ ಕೆಳಗೆ ಫಾಲ್ಸ್ ಸೀಲಿಂಗ್. ಕಪಾಟಿನ ಹಲಗೆ ಯಾವುದು ಎಂದು ಕೇಳಿದರೆ ಎಂಡಿಎಫ್ ಅಂದರು. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡುವ ಹಲಗೆ ಅದು. ತೇವ ಹೀರಿದರೆ ಉಬ್ಬುತ್ತದೆ, ಆಮೇಲೆ ಮೊದಲಿನಂತಾಗುವುದಿಲ್ಲ. ಪ್ಲೈವುಡ್ ಹಾಕಿದರೂ ಐಎಸ್ 710 ಅನ್ನುವ ಭಾರತೀಯ ಗುಣಮಟ್ಟದ ಗುರುತಿನ ಮರೀನ್ ಪ್ಲೈವುಡ್ ಬೇಕು. ಐಎಸ್ 303ರ ಮಾಮೂಲಿ ಎಂಆರ್ ಹಲಗೆ, ಅಂದರೆ ಸ್ವಲ್ಪ ಮಾತ್ರ ತೇವ ತಡೆಯುವ ಹಲಗೆ, ಅಲ್ಲಿನ ತೇವಕ್ಕೆ ಸಾಲುವುದಿಲ್ಲ. ಇನ್ನು ಫಾಲ್ಸ್ ಸೀಲಿಂಗ್ ಅಂದಾಗ ನನಗೆ ನಿಜವಾಗಿ ಬೇಜಾರಾಯಿತು. ಹೆಂಚಿನ ಸಂದಿಯಿಂದ ಬಿಸಿಗಾಳಿ ಹೊರಗೆ ಹೋಗುವುದರಿಂದಲೇ ಮೇ ತಿಂಗಳ ಮಧ್ಯಾಹ್ನ ಆ ಕೋಣೆಯಲ್ಲಿ ಕೂರಲು ಆಗುವುದು. ಅದನ್ನು ಮುಚ್ಚಿ ಎಸಿ ಹಾಕಿ ಅಂದರೆ ಹೇಗೆ? ಆ ಪ್ಲಾನ್ ಅಲ್ಲಿಗೇ ಬಿಟ್ಟೆವು.

ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವಳು. ಸಮುದ್ರದ ಪಕ್ಕದ ಎರಡು ಹಳೆಯ ಬೇಸಿಗೆ ಮನೆಗಳ ಫೋಟೋಗಳು ನನ್ನ ಹತ್ತಿರ ಬಹಳ ಕಾಲದಿಂದ ಇವೆ. ಎರಡೂ ದಕ್ಷಿಣ ಫ್ರಾನ್ಸಿನ ರೋಕ್‌ಬ್ರೂನ್-ಕಾಪ್-ಮಾರ್ತಾಂ ಅನ್ನುವ ಊರಿನಲ್ಲಿ, ಅಕ್ಕಪಕ್ಕದಲ್ಲೇ ಇವೆ. ಒಂದು, ಐಲೀನ್ ಗ್ರೇ ಅನ್ನುವ ಐರಿಶ್ ಕಲಾವಿದೆ 1929ರಲ್ಲಿ ಮುಗಿಸಿದ ಇ-1027. ಹಡಗಿನ ಡೆಕ್ಕಿನ ಮೇಲಿನ ಆರಾಮ ಕುರ್ಚಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಟ್ರಾನ್ಸಾಟ್ ಅನ್ನುವ ಕುರ್ಚಿಯನ್ನು ರೂಪಿಸಿದವರು ಆಕೆಯೇ. ಇನ್ನೊಂದು, ಲೆ ಕಾರ್ಬೂಸಿಯೇ ಅನ್ನುವ ವಾಸ್ತುಶಿಲ್ಪಿ ತನಗಾಗಿ 1952ರಲ್ಲಿ ಕಟ್ಟಿಸಿಕೊಂಡ ಮರದ ಪುಟ್ಟ ಮನೆ. ಚಂಡೀಗಢ ಅನ್ನುವ ಇಡೀ ನಗರಕ್ಕೆ ನಕ್ಷೆ ಬರೆಯುತ್ತಿದ್ದ ಮನುಷ್ಯ ತನ್ನ ಬೇಸಿಗೆಗೆ ಇಟ್ಟುಕೊಂಡಿದ್ದು 3.66 ಮೀಟರ್ ಉದ್ದ, ಅಷ್ಟೇ ಅಗಲದ ಒಂದು ಕೋಣೆ. ಅಂದರೆ 12 ಅಡಿಗೆ 12 ಅಡಿ. ಒಳಗೆ ಮಂಚ, ಮೇಜು, ಕಪಾಟು, ಕಿಟಕಿ, ಅಷ್ಟೇ.

ಈ ಫೋಟೋಗಳನ್ನು ಆಚಾರ್ರಿಗೆ ತೋರಿಸಿದೆ. ಮರದ ಮನೆಯ ಫೋಟೋವನ್ನು ಅವರು ಬಹಳ ಹೊತ್ತು ನೋಡಿದರು. "ಅಕ್ಕೋರೇ, ಈ ಮರದ ಕೆಲಸ ಯಾರದ್ದು?" ಅಂತ ಕೇಳಿದರು. ಅದನ್ನು ಮಾಡಿದ್ದು ಶಾರ್ಲ್ ಬಾರ್ಬೆರಿಸ್ ಅನ್ನುವ ಬಡಗಿ. ಕಾರ್ಸಿಕಾ ದ್ವೀಪದ ತನ್ನ ಕಾರ್ಖಾನೆಯಲ್ಲಿ ಬಿಡಿಬಿಡಿಯಾಗಿ ಮಾಡಿ, ಜಾಗಕ್ಕೆ ತಂದು ಜೋಡಿಸಿದ್ದ. ಹಾಗೆಂದು ಹೇಳಿದೆ. "ಹಂಗಾದ್ರೆ ನಾವೂ ಇಲ್ಲೇ ಮಾಡಿ ಕೆಳಗೆ ಇಳಿಸೋಣ" ಅಂದರು. ಆ ಮಾತಿಗೆ ನಾನು ಕೆಲಸ ಒಪ್ಪಿಸಿದೆ.

ಆದರೆ ಮೊದಲು ಮನೆ ನೋಡದೆ ಅವರು ಅಳತೆಯನ್ನೇ ಬರೆದುಕೊಳ್ಳಲಿಲ್ಲ. ನಮ್ಮ ಜೊತೆ ಕಾಸರಕೋಡಿಗೆ ಬಂದರು. ಬಂದವರು ಟೇಪ್ ತೆಗೆಯಲಿಲ್ಲ. ಕಿಟಕಿಯ ಸರಳು, ಹಳೆ ಬಾಗಿಲಿನ ತಿರುಗಣಿ, ಬೀಗದ ಕೊಂಡಿ, ಎಲ್ಲವನ್ನೂ ಉಗುರಿನಲ್ಲಿ ಕೆರೆದು ನೋಡಿದರು. ಎಷ್ಟು ತಿಂಗಳು ಬೀಗ ಹಾಕಿರುತ್ತೀರಿ, ಮಧ್ಯೆ ಯಾರಾದರೂ ಬಂದು ತೆಗೆಯುತ್ತಾರಾ, ಎರಚಲು ಯಾವ ಕಡೆಯಿಂದ ಹೊಡೆಯುತ್ತದೆ ಎಂದು ಕೇಳಿದರು. ಬಣ್ಣದ ಮಾತು, ಡಿಸೈನಿನ ಮಾತು ಆಮೇಲೆ.

ಉಪ್ಪುಗಾಳಿಯ ಬಗ್ಗೆ ಅವರಿಗೆ ಚೆನ್ನಾಗಿ ಗೊತ್ತು. ಉಪ್ಪು ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಮಳೆ ಇಲ್ಲದ ದಿನವೂ ಕಬ್ಬಿಣ ಒದ್ದೆಯಾಗೇ ಇರುತ್ತದೆ, ತುಕ್ಕು ಹಿಡಿಯುತ್ತದೆ. ಇವರು ಒಳಗೆಲ್ಲ ಹಿತ್ತಾಳೆ ತಿರುಗಣಿ, ಹಿತ್ತಾಳೆ ಸ್ಕ್ರೂ ಹಾಕಿದರು. ಹೊರಗಿನ ಕೊಂಡಿಗಳಿಗೆ 316 ನಂಬರಿನ ಸ್ಟೀಲ್ ತರಿಸಿದರು. ಅಂಗಡಿಗಳಲ್ಲಿ ಜಾಸ್ತಿ ಸಿಗುವುದು 304. ಅದಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ, 316ರಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಇರುತ್ತದೆ. ಉಪ್ಪಿನಿಂದ ಆಗುವ ಚುಕ್ಕೆ ತುಕ್ಕನ್ನು ಅದು ತಡೆಯುತ್ತದೆ. ಬೆಲೆ ಜಾಸ್ತಿಯೇ. ಆದರೆ ಸಣ್ಣ ಕೊಂಡಿಯಲ್ಲಿ ಉಳಿಸಿದ ದುಡ್ಡು ದೊಡ್ಡ ಬಾಗಿಲನ್ನು ಹಾಳು ಮಾಡುತ್ತದೆ, ಅಲ್ವಾ?

ಮರ ಹೆಚ್ಚಾಗಿ ಹಲಸು, ಸ್ವಲ್ಪ ಸಾಗುವಾನಿ. ಎಲ್ಲ ಹಳೆ ಮನೆಗಳ ತೊಲೆ, ಜಂತಿಗಳಿಂದ ಕೊಯ್ದದ್ದು. ಎಷ್ಟೋ ವರ್ಷ ಅಟ್ಟದ ಹೊಗೆಯಲ್ಲಿ ಒಣಗಿದ ಮರ ಹೊಸ ಮರದಂತೆ ಸೊಟ್ಟಗಾಗುವುದಿಲ್ಲ. ಹಳೆ ಕಬ್ಬಿಣದ ಮೊಳೆಗಳನ್ನು ಒಂದೂ ಬಿಡದೆ ಕಿತ್ತಿದ್ದಾರೆ. ಹಲಸಿನ ಬಣ್ಣ ಮೊದಲು ಅರಿಶಿನದಂತೆ ಹಳದಿ ಇರುತ್ತದೆ, ಬರಬರುತ್ತಾ ಕಂದಾಗುತ್ತದೆ. ಕೆಂಪು ನೆಲದ ಮೇಲೆ ಆ ಕಂದು ಬಹಳ ಒಪ್ಪುತ್ತದೆ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಬಟ್ಟೆ ಕಪಾಟು. ಬಾಗಿಲಿಗೆ ಪೂರ್ತಿ ಹಲಗೆ ಇಲ್ಲ, ಓರೆಯಾಗಿ ಕೂರಿಸಿದ ಪಟ್ಟಿಗಳಿವೆ. ಹಿಂಬದಿಗೂ ಪಟ್ಟಿ. ಗೋಡೆಯಿಂದ ಎರಡು ಇಂಚು ದೂರ ನಿಲ್ಲುವಂತೆ ಹಿಂದೆ ಕಟ್ಟಿಗೆಯ ತುಂಡು ಕೂರಿಸಿದ್ದಾರೆ. ಗಾಳಿ ಮುಂದಿನಿಂದ ಹೊಕ್ಕು ಹಿಂದಿನಿಂದ ಹೋಗುತ್ತದೆ. ಮಳೆಗಾಲ ಮುಗಿದು ಬೀಗ ತೆಗೆದಾಗ ಒಳಗಿಟ್ಟಿದ್ದ ಕಂಬಳಿಗೆ ಬೂಷ್ಟು ಹಿಡಿದಿರಲಿಲ್ಲ. ಅದೇ ಮನೆಯಲ್ಲಿದ್ದ ಹಳೆ ಕಬ್ಬಿಣದ ಬೀರುವಿನಲ್ಲಿದ್ದ ಹಾಸಿಗೆ ಬಟ್ಟೆಯನ್ನೆಲ್ಲ ಎರಡೆರಡು ಸಲ ಒಗೆಯಬೇಕಾಯಿತು. ಮಂಚದ್ದೂ ಇದೇ ಕ್ರಮ. ಕೆಳಗೆ ಪಟ್ಟಿಗಳು, ಎತ್ತರದ ಕಾಲು, ಅಡಿಯಲ್ಲಿ ಪೊರಕೆ ಆಡುತ್ತದೆ. ಮೊಳೆ ಹೊಡೆದಿಲ್ಲ. ಒಂದರ ತುದಿಯನ್ನು ಇನ್ನೊಂದರ ತೂತಿಗೆ ಕೂರಿಸಿ ಮರದ ಗೂಟ ಬಡಿದಿದ್ದಾರೆ. ಅದಕ್ಕೇ ಎಲ್ಲವನ್ನೂ ಬಿಚ್ಚಿ ಪಿಕಪ್‌ನಲ್ಲಿ ಹಾಕಿ, ತಾಳಗುಪ್ಪ, ಮಾವಿನಗುಂಡಿ ದಾಟಿ ಗೇರುಸೊಪ್ಪೆ ಘಟ್ಟ ಇಳಿಸಲು ಆಯಿತು. ಅಪ್ಪ ಮಗ ಇಬ್ಬರೇ ನಿಂತು ಸಂಜೆಯೊಳಗೆ ಜೋಡಿಸಿದರು.

ಜಗಲಿಗೆ ಉದ್ದ ಕೈಯ ಬೆತ್ತದ ಆರಾಮ ಕುರ್ಚಿಗಳು. ಒಂದು ನಮ್ಮ ಮನೆಯದೇ ಹಳೆಯದು, ಬೆತ್ತ ಹರಿದಿತ್ತು. ಅದನ್ನು ನೋಡಿ ಅದೇ ಅಳತೆಯಲ್ಲಿ ಇನ್ನೊಂದು ಮಾಡಿದರು. ಬೆತ್ತ ಹೆಣೆಯುವವರು ಬೇರೆ, ಅವರನ್ನು ಶಿವಮೊಗ್ಗದಿಂದ ಕರೆಸುತ್ತಾರೆ. ನೆನೆಸಿದ ಬೆತ್ತವನ್ನು ಎರಡು ಸಲ ಉದ್ದಕ್ಕೆ, ಎರಡು ಸಲ ಅಡ್ಡಕ್ಕೆ, ಕೊನೆಗೆ ಎರಡು ಸಲ ಓರೆಗೆ ಹಾಯಿಸುತ್ತಾರೆ. ಒಣಗುತ್ತಾ ಬಿಗಿಯಾಗುತ್ತದೆ. ಪ್ಲಾಸ್ಟಿಕ್ ಬೆತ್ತ ಕಡಿಮೆ ದುಡ್ಡಿಗೆ ಆಗುತ್ತದೆ, ಅದನ್ನೂ ಹಾಕಿಕೊಡುತ್ತಾರೆ. ದಯವಿಟ್ಟು ಬೇಡ ಅನ್ನಿ. ಸೆಕೆಗೆ ಬೆನ್ನಿಗೆ ಅಂಟುತ್ತದೆ. ನಿಜವಾದ ಬೆತ್ತದಲ್ಲಿ ಗಾಳಿ ಕೆಳಗಿನಿಂದಲೂ ಬರುತ್ತದೆ. ಮಧ್ಯಾಹ್ನ ಸಮುದ್ರದ ಗಾಳಿ ಎದ್ದಾಗ ಆ ಕುರ್ಚಿಯಲ್ಲಿ ಕಾಲು ಚಾಚಿ ಕೂತರೆ ಫ್ಯಾನ್ ನೆನಪೇ ಆಗುವುದಿಲ್ಲ.

ಗೋಡೆಗೆ ಸುಣ್ಣ ಬಳಿಯಿರಿ ಎಂದು ಹೇಳಿದವರೂ ಆಚಾರ್ರೇ. ಹಿಂದೆ ಹಚ್ಚಿದ್ದ ಪ್ಲಾಸ್ಟಿಕ್ ಪೇಂಟ್ ಚಿರೇಕಲ್ಲಿನ ತೇವ ಹೊರಗೆ ಬರಲು ಬಿಡದೆ ಗುಳ್ಳೆ ಎದ್ದಿತ್ತು. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ, ಬೂಷ್ಟೂ ಬೇಗ ಹಿಡಿಯುವುದಿಲ್ಲ. ಪರದೆ, ದಿಂಬಿನ ಬಟ್ಟೆ ನಾವೇ ಹೆಗ್ಗೋಡಿನ ಚರಕ ಅನ್ನುವ ಕೈಮಗ್ಗದ ಸಂಸ್ಥೆಯಿಂದ ತಂದೆವು. ಕೈಮಗ್ಗದ ಹತ್ತಿ, ಗಿಡಮೂಲದ ಬಣ್ಣ. ತೆಳುವಾಗಿರುವುದರಿಂದ ಒಗೆದರೆ ಕಡಲ ತೇವದಲ್ಲೂ ಬೇಗ ಒಣಗುತ್ತದೆ. ನೀಲಿ ಎಲ್ಲೂ ಹಾಕಿಲ್ಲ. ಕಿಟಕಿ ತೆಗೆದರೆ ಬೇಕಾದಷ್ಟು ನೀಲಿ ಕಾಣುತ್ತದೆ.

ಈಗ ತೊಂದರೆಗಳು. ಮೊದಲನೆಯದು ಸಮಯ. ಯುಗಾದಿಗೆ ಕೊಡುತ್ತೇನೆ ಅಂದಿದ್ದು ಮೇ ಕೊನೆಯ ವಾರಕ್ಕೆ ಬಂತು. ಆ ರಜೆಯೆಲ್ಲ ಮಕ್ಕಳು ಚಾಪೆಯ ಮೇಲೇ ಮಲಗಿದರು. ಫೋನ್ ಮಾಡಿದರೆ ತೆಗೆಯುವುದಿಲ್ಲ, ಶೆಡ್‌ಗೇ ಹೋಗಬೇಕು. ಎರಡನೆಯದು ಲೆಕ್ಕ. ಎಲ್ಲ ಬಾಯಿಮಾತು. ಹಿತ್ತಾಳೆ ಸಾಮಾನಿನ ದುಡ್ಡು ಕೊನೆಗೆ ಸೇರಿದಾಗ ನಮ್ಮ ಮನೆಯವರಿಗೆ ಸಿಟ್ಟೇ ಬಂತು. ಬಿಲ್ ತೋರಿಸಿದರು, ಸರಿಯಾಗೇ ಇತ್ತು. ಆದರೆ ಮೊದಲೇ ಹೇಳಬೇಕಿತ್ತು. ಮೂರನೆಯದು ಮೇಜಿನ ಡ್ರಾಯರ್. ಆಷಾಢದಲ್ಲಿ ಮರ ಉಬ್ಬಿ ಕಚ್ಚಿಕೊಂಡಿತು. ಕಡಲ ಮನೆಗೆ ಅಂತ ಗೊತ್ತಿದ್ದೂ ಅಷ್ಟು ಬಿಗಿಯಾಗಿ ಮಾಡಬಾರದಿತ್ತು. ಮಗ ಬಂದು ಕೀಸುಳಿ ಹಿಡಿದು ಸರಿ ಮಾಡಿಕೊಟ್ಟ, ದುಡ್ಡು ತೆಗೆದುಕೊಳ್ಳಲಿಲ್ಲ.

ಇನ್ನೊಂದು ಎಚ್ಚರಿಕೆ. ಒರಲೆ ಹತ್ತದಿರಲು ಮಂಚ, ಕಪಾಟಿನ ಕಾಲಿನ ಅಡಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಾರೆ. ಕರಾವಳಿಯಲ್ಲಿ ದೋಣಿಗೂ ಹಚ್ಚುವ ಎಣ್ಣೆ ಅದು. ಮೈಗೆ ತಾಗಿದರೆ ಸುಡುತ್ತದೆ, ಬೊಬ್ಬೆ ಏಳುತ್ತದೆ. ಪೂರ್ತಿ ಒಣಗುವವರೆಗೆ ಮಕ್ಕಳನ್ನು ಹತ್ತಿರ ಬಿಡಬೇಡಿ. ಮೇಲಿನ ಭಾಗಕ್ಕೆಲ್ಲ ಅಗಸೆ ಎಣ್ಣೆ ಮತ್ತು ಜೇನುಮೇಣ ಮಾತ್ರ. ವರ್ಷಕ್ಕೊಮ್ಮೆ ನಾವೇ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಮಿರಮಿರ ಮಿಂಚುವ ಪಾಲಿಶ್ ಬೇಕು, ತಿಂಗಳೊಳಗೆ ಮನೆ ರೆಡಿ ಆಗಬೇಕು ಅನ್ನುವವರಿಗೆ ಈ ಶೆಡ್ ಆಗುವುದಿಲ್ಲ. ಉಳಿದವರು ದೀಪಾವಳಿ ಕಳೆದ ಕೂಡಲೇ ಹೋಗಿ. ಮಳೆಗಾಲದಲ್ಲಿ ಮರ ತೇವ ಹೀರಿರುತ್ತದೆ ಎಂದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರು ಹೊಸ ಕೆಲಸ ಹಿಡಿಯುವುದಿಲ್ಲ. ಮನೆಯ ಕಿಟಕಿ, ಬಾಗಿಲು ಯಾವ ದಿಕ್ಕಿಗಿವೆ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಮಾತು ಸುಲಭ. ಮರ, ಕೂಲಿ, ಹಿತ್ತಾಳೆ, ಬೆತ್ತ, ಪಿಕಪ್ ಬಾಡಿಗೆ, ಪ್ರತಿಯೊಂದನ್ನೂ ಬೇರೆ ಬೇರೆ ಬರೆಸಿಕೊಂಡು ಮುಂಗಡ ಕೊಡಿ. ಡ್ರಾಯರ್ ಮಾಡಿಸುವುದಾದರೆ ಸುತ್ತ ಸ್ವಲ್ಪ ಸಡಿಲ ಬಿಡಿ ಎಂದು ನೀವೇ ಹೇಳಿ.