ಹಳೇ ಟೆಂಪ್ಲೇಟಿನಲ್ಲಿ ಇಸವಿ ಬದಲಿಸಿದ ಕ್ಯಾಲೆಂಡರ್: ಅಚ್ಚು ಹಾಕಿಸುವ ಮುಂಚೆ ನೋಡಿಕೊಳ್ಳಿ

ಸಂಘಕ್ಕೋ ಅಂಗಡಿಗೋ ಶಾಲೆಗೋ ಕ್ಯಾಲೆಂಡರ್ ಮಾಡಿಸುವವರು ದಯವಿಟ್ಟು ಇದನ್ನು ಓದಿ. ನಮ್ಮ ಬಡಾವಣೆ ಸಂಘದ 2026ರ ಕ್ಯಾಲೆಂಡರಿನಲ್ಲಿ ಸ್ವಾತಂತ್ರ್ಯ ದಿನಾಚರಣೆ ಆಗಸ್ಟ್ 14ಕ್ಕೆ ಬಂದಿದೆ. ಹೌದು, ಪಾಕಿಸ್ತಾನದ ದಿನಕ್ಕೆ! ಗಾಂಧಿ ಜಯಂತಿ ಅಕ್ಟೋಬರ್ 1ಕ್ಕೆ. ಕನ್ನಡ ರಾಜ್ಯೋತ್ಸವವಂತೂ ನವೆಂಬರ್ 7ಕ್ಕೆ. ಮನೆಮನೆಗೆ ಹಂಚಿದ ಮೇಲೆ ಗೊತ್ತಾಯಿತು.

ಕೆಲಸ ಕೊಟ್ಟಿದ್ದು ಒಂದು ಡಿಟಿಪಿ ಅಂಗಡಿಗೆ. 2025ರದ್ದನ್ನೂ ಅವರೇ ಮಾಡಿದ್ದರು, ಅದು ಸರಿಯಾಗಿಯೇ ಇತ್ತು. ಈ ಸಲ ಅದೇ ಎಕ್ಸೆಲ್ ಟೆಂಪ್ಲೇಟ್ ತೆಗೆದು, ಇಸವಿ ಬದಲಿಸಿ, ಹೊಸ ಫೋಟೋ ಕೂರಿಸಿ ಅಚ್ಚಿಗೆ ಕಳಿಸಿಬಿಟ್ಟಿದ್ದಾರೆ. ಪ್ರೂಫ್ ಅಂತ ವಾಟ್ಸಾಪಿನಲ್ಲಿ ಬಂದಿದ್ದು ಮುಖಪುಟ ಮಾತ್ರ. ಒಳಪುಟ ಕೇಳಿದರೆ, "ಅದೆಲ್ಲ ಕಂಪ್ಯೂಟರೇ ಮಾಡುತ್ತೆ ಸಾರ್, ತಪ್ಪಾಗಲ್ಲ" ಅಂದರು.

ಕಂಪ್ಯೂಟರ್ ಮಾಡೋದು ಅರ್ಧ ಕೆಲಸ ಅಷ್ಟೇ. ಇಂಥ ಟೆಂಪ್ಲೇಟಿನಲ್ಲಿ ಇಸವಿ ಬದಲಿಸಿದರೆ ತಾರೀಕುಗಳು ಫಾರ್ಮುಲಾದಿಂದ ತಾವಾಗಿಯೇ ಸರಿಯುತ್ತವೆ. ಕೈಯಲ್ಲಿ ಟೈಪ್ ಮಾಡಿದ ಹಬ್ಬದ ಹೆಸರು ಮಾತ್ರ ಇದ್ದ ಚೌಕದಲ್ಲೇ ಕೂತಿರುತ್ತದೆ. 2025ರಲ್ಲಿ ಆಗಸ್ಟ್ 15 ಮೂರನೇ ಸಾಲಿನ ಶುಕ್ರವಾರ. 2026ರಲ್ಲಿ ಆಗಸ್ಟ್ ಶುರುವಾಗೋದೇ ಶನಿವಾರ, ಹಾಗಾಗಿ ಆ ಚೌಕಕ್ಕೆ 14 ಬಂತು. ನವೆಂಬರ್ 1 ಹೋದ ವರ್ಷ ಮೊದಲ ಸಾಲಿನ ಕೊನೆಯ ಚೌಕದಲ್ಲಿತ್ತು, ಈ ವರ್ಷ ಅಲ್ಲಿ 7 ಇದೆ. ಯುಗಾದಿಯ ಗತಿ ಇನ್ನೂ ಚೆಂದ. 2025ರ ಮಾರ್ಚ್ 30 ಆರನೇ ಸಾಲಿಗೆ ಇಳಿದಿತ್ತು. ಈ ಸಲ ಮಾರ್ಚ್ ಐದೇ ಸಾಲಿಗೆ ಮುಗಿಯುತ್ತದೆ. ಕೆಳಗಿನ ಖಾಲಿ ಚೌಕದಲ್ಲಿ ಕೆಂಪಕ್ಷರದಲ್ಲಿ "ಯುಗಾದಿ" ಅಂತಿದೆ, ತಾರೀಕೇ ಇಲ್ಲ! ನಿಜವಾದ ಹಬ್ಬ ಮಾರ್ಚ್ 19ಕ್ಕೆ.

ಅಂಗಡಿಯವರು ಈಗ "ನೀವೇ ಓಕೆ ಅಂದಿದ್ದಿರಲ್ಲ" ಅನ್ನುತ್ತಿದ್ದಾರೆ. ಓಕೆ ಅಂದಿದ್ದು ಮುಖಪುಟಕ್ಕೆ. ಮತ್ತೆ ಅಚ್ಚು ಹಾಕಿಕೊಡಿ ಅಂದರೆ ಕಾಗದದ ದುಡ್ಡು ಕೊಡಬೇಕಂತೆ.

ಹನ್ನೆರಡೂ ತಿಂಗಳ ಪಿಡಿಎಫ್ ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ಬಂದ ಕೂಡಲೇ ಜನವರಿ 26, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ನೋಡಿ. ಇವು ಯಾವ ವರ್ಷವೂ ಕದಲುವುದಿಲ್ಲ, ಇವೇ ತಪ್ಪಿದ್ದರೆ ಮಿಕ್ಕಿದ್ದನ್ನು ನೋಡುವ ಅಗತ್ಯವೇ ಇಲ್ಲ. ಹಬ್ಬಗಳನ್ನು ಪಂಚಾಂಗ ಇಟ್ಟುಕೊಂಡು ಒಂದೊಂದಾಗಿ ತಾಳೆ ಹಾಕಿ.

ಉಚಿತವಾಗಿ ಸಿಗುವ ಟೆಂಪ್ಲೇಟ್ ಆದರೆ ಇನ್ನೂ ಜಾಸ್ತಿ ಹುಷಾರು. ಎಷ್ಟೋ ಟೆಂಪ್ಲೇಟುಗಳು ಅಮೆರಿಕದ ಲೆಟರ್ ಅಳತೆಯಲ್ಲಿರುತ್ತವೆ. ಎ4ಗಿಂತ ಅದು ಅಗಲ ಜಾಸ್ತಿ, ಹಾಗೇ ಪ್ರಿಂಟ್ ಕೊಟ್ಟರೆ ಶನಿವಾರದ ಅಂಚು ಕತ್ತರಿಸಿ ಹೋಗಬಹುದು. ಸಾಲುಗಳನ್ನೂ ಎಣಿಸಿ. ಭಾನುವಾರದಿಂದ ವಾರ ಶುರುವಾಗುವ ಕ್ಯಾಲೆಂಡರಿನಲ್ಲಿ 2026ರ ಮೇ, ಆಗಸ್ಟ್ ಎರಡಕ್ಕೂ ಆರು ಸಾಲು ಬೇಕು. ಐದೇ ಸಾಲಿದ್ದರೆ ಮೇ 31, ಆಗಸ್ಟ್ 30 ಮತ್ತು 31 ಎಲ್ಲಿ ಹೋದವು ಅಂತ ಅಂಗಡಿಯವರನ್ನೇ ಕೇಳಿ.