ಸಿಬಿಲ್ ವರದಿ ಮತ್ತು ಅದರ ಚಂದಾ: ಮೂರು ವರ್ಷಗಳ ಬಳಕೆಯ ಬಳಿಕ

ಗದಗದಲ್ಲಿ ಸಣ್ಣ ಮುದ್ರಣಾಲಯ ನಡೆಸುವ ನಾನು 2022ರ ಕೊನೆಯಿಂದ ಟ್ರಾನ್ಸ್‌ಯೂನಿಯನ್ ಸಿಬಿಲ್ ಸಂಸ್ಥೆಯ ವರದಿಯನ್ನು, ಅಂದರೆ ನಮ್ಮ ಸಾಲಗಳ ದಾಖಲೆಯನ್ನೂ ಅವನ್ನು ತೀರಿಸುವ ನಡತೆಗೆ ಕೊಡುವ ಅಂಕವನ್ನೂ (ಸ್ಕೋರ್), ತಪ್ಪದೆ ತೆಗೆದು ನೋಡುತ್ತ ಬಂದಿದ್ದೇನೆ. ನಡುವೆ ಒಂದು ವರ್ಷ ಹಣ ಕೊಟ್ಟು ಚಂದಾದಾರನೂ ಆಗಿದ್ದೆ. ಆಗ ನನ್ನ ತಲೆಯ ಮೇಲಿದ್ದುದು ಒಂದು ಕ್ರೆಡಿಟ್ ಕಾರ್ಡಿನ ಬಾಕಿ, ಒಂದು ಫೈನಾನ್ಸ್ ಕಂಪನಿಯ ಪರ್ಸನಲ್ ಲೋನ್, ಪತ್ತಿನ ಸಹಕಾರಿ ಸಂಘದ ಸಾಲ ಮತ್ತು ಬೀಗರಿಂದ ತಂದ ಕೈಗಡ. ಮುಂದೆ ಹಳೆಯ ಆಫ್‌ಸೆಟ್ ಯಂತ್ರವನ್ನು ಬದಲಿಸಲು ಬ್ಯಾಂಕಿನ ಬಾಗಿಲಿಗೆ ಹೋಗಬೇಕಾಗುವುದು ಖಚಿತವಿದ್ದುದರಿಂದ ಸಾಲವೂ ತೀರಬೇಕಿತ್ತು, ಸ್ಕೋರೂ ಉಳಿಯಬೇಕಿತ್ತು. ಈ ಸೇವೆ ಅದಕ್ಕೆ ಎಷ್ಟರಮಟ್ಟಿಗೆ ಒದಗಿತು ಎಂಬುದು ಈ ವಿಮರ್ಶೆಯ ವಿಷಯ.

ಮೊದಲು ಉಚಿತವಾಗಿ ಸಿಗುವುದನ್ನು ಹೇಳಬೇಕು, ಏಕೆಂದರೆ ಅದು ಹಲವರಿಗೆ ತಿಳಿದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ದೇಶದ ನಾಲ್ಕೂ ಸಾಲ ಮಾಹಿತಿ ಸಂಸ್ಥೆಗಳು, ಅಂದರೆ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್ ಹಾಗೂ ಸಿಆರ್‌ಐಎಫ್ ಹೈ ಮಾರ್ಕ್, ವರ್ಷಕ್ಕೊಮ್ಮೆ ಸ್ಕೋರ್ ಸಹಿತ ಪೂರ್ಣ ವರದಿಯನ್ನು ಪುಕ್ಕಟೆಯಾಗಿ ಕೊಡಬೇಕು. ನಾಲ್ಕನ್ನೂ ಒಂದೇ ದಿನ ತೆಗೆಯದೆ ಮೂರು ತಿಂಗಳಿಗೊಂದರಂತೆ ತೆಗೆದರೆ ಪೈಸೆ ಖರ್ಚಿಲ್ಲದೆ ವರ್ಷವಿಡೀ ನಿಗಾ ಇಟ್ಟಂತಾಗುತ್ತದೆ. ಪದೇ ಪದೇ ನೋಡಿದರೆ ಸ್ಕೋರ್ ಇಳಿಯುತ್ತದೆ ಎಂಬ ಭಯ ನಮ್ಮ ಪೇಟೆಯಲ್ಲಿ ಬಹಳ ಜನರಲ್ಲಿದೆ. ನಮ್ಮ ವರದಿಯನ್ನು ನಾವೇ ನೋಡಿದರೆ ಏನೂ ಆಗದು. ಹೊಸ ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕು ನೋಡುತ್ತದಲ್ಲ, ಆ ವಿಚಾರಣೆ ಮಾತ್ರ ದಾಖಲಾಗಿ ಲೆಕ್ಕಕ್ಕೆ ಬರುತ್ತದೆ.

300ರಿಂದ 900ರ ನಡುವಿನ ಆ ಒಂದು ಅಂಕಿಗಿಂತ ಅದರ ಕೆಳಗಿರುವ ಖಾತೆವಾರು ವಿವರವೇ ಈ ವರದಿಯ ನಿಜವಾದ ಬೆಲೆ ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರತಿ ಖಾತೆಗೂ ಮೂವತ್ತಾರು ತಿಂಗಳ ಪಾವತಿಯ ಚೌಕಗಳಿರುತ್ತವೆ. ಕಂತು ಎಷ್ಟು ದಿನ ತಡವಾಗಿದೆ ಎಂಬುದನ್ನು ಅಲ್ಲಿ ಅಂಕಿಯಲ್ಲಿ ಬರೆದಿರುತ್ತಾರೆ, ತಡವಿಲ್ಲದಿದ್ದರೆ ಮೂರು ಸೊನ್ನೆ. ಆದರೆ ಈ ಸೊನ್ನೆಗಳನ್ನು ನೋಡಿ ನೆಮ್ಮದಿಪಡುವುದರಲ್ಲಿ ಒಂದು ಮೋಸವಿದೆ. ಕಾರ್ಡಿನ ಮೇಲೆ ಒಂದು ಲಕ್ಷ ರೂಪಾಯಿ ಬಾಕಿಯಿದ್ದು ತಿಂಗಳಿಗೆ ಶೇ. 3.5 ಬಡ್ಡಿ ಬಿದ್ದರೆ ಬಡ್ಡಿಯೇ 3,500 ರೂಪಾಯಿ, ಅದರ ಮೇಲೆ ಶೇ. 18ರ ಜಿಎಸ್‌ಟಿ 630 ರೂಪಾಯಿ. ಕನಿಷ್ಠ ಮೊತ್ತವೆಂದು 5,000 ಕಟ್ಟಿದವನ ಅಸಲು ಕರಗುವುದು 870 ರೂಪಾಯಿಯಷ್ಟೆ. ಹೀಗೆ ಕನಿಷ್ಠ ಮೊತ್ತವನ್ನೇ ಕಟ್ಟುತ್ತ ಹೋದವನ ವರದಿಯಲ್ಲಿ ಸೊನ್ನೆಗಳು ಸಾಲಾಗಿ ನಿಂತಿರುತ್ತವೆ, ಸಾಲ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಸ್ಕೋರ್ ಹೇಳುವುದು ಸಾಲ ಕೊಡುವವನ ಅಪಾಯವನ್ನು. ಸಾಲ ಹೊತ್ತವನ ಸುಸ್ತನ್ನು ಅಳೆಯುವುದು ಅದರ ಕೆಲಸವಲ್ಲ.

ಆದ್ದರಿಂದ ನಾನು ಮೊದಲು ಕೈ ಹಾಕಿದ್ದು ಕಾರ್ಡಿಗೆ. ಮನೆಯವರ ಬಂಗಾರ ಒತ್ತೆ ಇಟ್ಟು, ಕಾರ್ಡಿನ ಬಡ್ಡಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ದರದಲ್ಲಿ ಬ್ಯಾಂಕಿನಿಂದ ಸಾಲ ಪಡೆದು, ಕಾರ್ಡಿನ ಬಾಕಿಯ ಬಹುಭಾಗವನ್ನು ತುಂಬಿದೆ. ಬಂಗಾರದ ಸಾಲವೂ ವರದಿಯಲ್ಲಿ ಹೊಸ ಖಾತೆಯಾಗಿ ಕಾಣಿಸಿಕೊಂಡಿತು. ಹಾಗಿದ್ದರೂ ಕಾರ್ಡಿನ ಮಿತಿಯಲ್ಲಿ ಬಳಸಿದ ಪಾಲು ಶೇ. 80ರ ಮೇಲಿದ್ದುದು ಶೇ. 30ರ ಕೆಳಗಿಳಿದ ಬಳಿಕ ಸ್ಕೋರ್ ಏರಿದಷ್ಟು ಬೇರೆ ಯಾವ ಕ್ರಮದಿಂದಲೂ ಏರಲಿಲ್ಲ. ಸ್ಟೇಟ್‌ಮೆಂಟ್ ತಯಾರಾಗುವ ದಿನಕ್ಕಿಂತ ಮೊದಲೇ ಹಣ ತುಂಬಿದರೆ ವರದಿಗೆ ಹೋಗುವ ಬಾಕಿ ಇನ್ನೂ ಕಡಿಮೆ ತೋರುತ್ತದೆ ಎಂಬುದು ಕೂಡ ತಿಂಗಳು ತಿಂಗಳು ಹೋಲಿಸಿ ನೋಡಿದ್ದರಿಂದಲೇ ಗೊತ್ತಾಯಿತು.

ಪರ್ಸನಲ್ ಲೋನನ್ನು ಅವಧಿಗೆ ಮೊದಲೇ ಮುಚ್ಚಿದಾಗ ಈ ವರದಿಯ ನಿಜವಾದ ಪ್ರಯೋಜನ ಅರಿವಾಯಿತು. ದಂಡಶುಲ್ಕ ಸಹಿತ ಹಣ ಕಟ್ಟಿ, ಬಾಕಿ ಇಲ್ಲವೆಂಬ ನೋ ಡ್ಯೂ ಸರ್ಟಿಫಿಕೇಟ್ ಪಡೆದ ಮೇಲೂ ಖಾತೆ ಚಾಲ್ತಿಯಲ್ಲಿದೆ, ಬಾಕಿಯಿದೆ ಎಂದೇ ಬರುತ್ತಿತ್ತು. ಜಾಲತಾಣದಲ್ಲಿ ಆಕ್ಷೇಪಣೆ ಸಲ್ಲಿಸುವುದು ಸುಲಭ. ಆದರೆ ಸಾಲ ಕೊಟ್ಟವರು ಒಪ್ಪದೆ ಸಿಬಿಲ್ ತಾನಾಗಿಯೇ ಏನನ್ನೂ ತಿದ್ದುವಂತಿಲ್ಲ. ಮೊದಲ ಸಲ ಆ ಕಂಪನಿಯವರು ಇದ್ದದ್ದು ಸರಿಯಿದೆ ಎಂದು ಉತ್ತರ ಕೊಟ್ಟು ಕೈತೊಳೆದುಕೊಂಡರು. ಹುಬ್ಬಳ್ಳಿಯ ಶಾಖೆಗೆ ಹೋಗಿ ಸರ್ಟಿಫಿಕೇಟಿನ ಪ್ರತಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡು, ಅದೇ ಪ್ರತಿಯನ್ನು ಅವರ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೂ ಮಿಂಚಂಚೆ ಮಾಡಿ ಎರಡನೆಯ ಸಲ ಆಕ್ಷೇಪಣೆ ಹಾಕಿದ ಮೇಲೆ ಸರಿಯಾಯಿತು. 2024ರ ಏಪ್ರಿಲ್‌ನಿಂದ ಇಂಥ ದೂರು ಮೂವತ್ತು ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವಿದೆ. ಪತ್ರದಲ್ಲಿ ಅದನ್ನು ಒಂದು ಸಾಲಿನಲ್ಲಿ ನೆನಪಿಸುವುದು ಒಳ್ಳೆಯದು. ಅಷ್ಟಕ್ಕೂ ಬಗೆಹರಿಯದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಸಿಬಿಲ್‌ನಲ್ಲಿ ತಿದ್ದುಪಡಿಯಾದ ಮೇಲೆ ಉಳಿದ ಮೂರು ಸಂಸ್ಥೆಗಳ ವರದಿಯನ್ನೂ ನೋಡಲೇಬೇಕು: ನನ್ನ ವಿಷಯದಲ್ಲಿ ಅದೇ ಕಂಪನಿ ಒಂದು ಕಡೆ ಹಳೆಯ ಮಾಹಿತಿಯನ್ನೇ ಉಳಿಸಿತ್ತು.

ಸೆಟ್ಲ್‌ಮೆಂಟ್ ಬಗ್ಗೆ ಒಂದು ಮಾತು. ರಾಣೆಬೆನ್ನೂರಿನಲ್ಲಿರುವ ನಮ್ಮ ಸಂಬಂಧಿಕರೊಬ್ಬರಿಗೆ ವಸೂಲಿಯವರು, ಬಾಕಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕಟ್ಟಿದರೆ ಕಡತವನ್ನೇ ಮುಗಿಸುತ್ತೇವೆ ಎಂದು ಫೋನಿನ ಮೇಲೆ ಫೋನು ಮಾಡಿದರು. ಅವರು ಒಪ್ಪಿಕೊಂಡರು, ಕಡತವೂ ಮುಗಿಯಿತು. ವರದಿಯಲ್ಲಿ ಮಾತ್ರ ಆ ಖಾತೆ ‘ಕ್ಲೋಸ್ಡ್’ ಎಂದಾಗಲಿಲ್ಲ, ‘ಸೆಟಲ್ಡ್’, ಅಂದರೆ ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿದದ್ದು, ಎಂದಾಯಿತು. ಮಗಳ ಹೆಸರಿಗೆ ಮನೆ ಸಾಲ ಕೇಳಿ ಸಹಸಾಲಗಾರರಾಗಿ ಸಹಿ ಹಾಕಲು ಹೋದಾಗ ಬ್ಯಾಂಕಿನವರು ಬೆರಳಿಟ್ಟು ತೋರಿಸಿದ್ದು ಆ ಒಂದು ಪದವನ್ನೇ. ಕೈಯಲ್ಲಿ ಹಣವೇ ಇಲ್ಲದವರಿಗೆ ಸೆಟ್ಲ್‌ಮೆಂಟ್ ಬೇಡವೆನ್ನುವುದು ನ್ಯಾಯವಲ್ಲ. ಆದರೆ ಕಂತುಗಳನ್ನು ಮರುಹೊಂದಿಸಿಕೊಂಡು ಪೂರ್ತಿ ಕಟ್ಟುವ ದಾರಿಯಿರುವವರು ಈ ರಿಯಾಯಿತಿಗೆ ಮರುಳಾಗಬಾರದು.

ಈ ವರದಿಗೆ ಕಾಣದ ಸಾಲಗಳೂ ಇವೆ. ಕೈಗಡ, ಭಿಶಿಯ (ಚೀಟಿಯ) ಹಣ ಇದರಲ್ಲಿ ಬರುವುದಿಲ್ಲ. ನನ್ನ ಸೊಸೈಟಿ ಸಾಲವೂ ಎಲ್ಲಿಯೂ ಕಾಣಿಸಲಿಲ್ಲ. ಸ್ಕೋರನ್ನೇ ಲೆಕ್ಕ ಹಿಡಿದಿದ್ದರೆ ಬೀಗರ ಹಣ ಕೊನೆಗೆ ಉಳಿಯುತ್ತಿತ್ತು. ಕಾರ್ಡಿನ ನಂತರ ನಾನು ತೀರಿಸಿದ್ದು ಅದನ್ನೇ, ಏಕೆಂದರೆ ಮದುವೆ ಮುಂಜಿಯಲ್ಲಿ ಎದುರಾಗುವವರು ಬ್ಯಾಂಕಿನವರಲ್ಲ. ಮೈಕ್ರೋಫೈನಾನ್ಸ್ ಸಂಘದ ಸಾಲಗಳ ಮಾತು ಬೇರೆ, ಅವು ವರದಿಯಾಗುತ್ತವೆ. ನಮ್ಮಲ್ಲಿ ಬೈಂಡಿಂಗ್ ಕೆಲಸ ಮಾಡುವ ಹೆಣ್ಣುಮಗಳೊಬ್ಬರು ಹೈ ಮಾರ್ಕ್ ವರದಿ ತೆಗೆದಾಗ ಅವರ ಗುಂಪಿನ ಸಾಲ ಕಂತುಗಳ ಸಮೇತ ಅದರಲ್ಲಿತ್ತು. ವರದಿ ಇಂಗ್ಲಿಷಿನಲ್ಲಿದ್ದುದರಿಂದ ಅವರಿಗೆ ಕುಳಿತು ಓದಿ ಹೇಳಬೇಕಾಯಿತು.

ಇನ್ನು ಹಣ ಕೊಟ್ಟು ಪಡೆಯುವ ಚಂದಾ. ಸಾಲ ಮುಚ್ಚುವ, ಆಕ್ಷೇಪಣೆ ಹಾಕುವ ತಿಂಗಳುಗಳಲ್ಲಿ ಬದಲಾವಣೆಯನ್ನು ಬೇಗ ನೋಡಲು ಅದು ಅನುಕೂಲ. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳಿಸಬೇಕೆಂಬ ನಿಯಮ ಬಂದ ಮೇಲೆ ಕಾಯುವುದೂ ಕಡಿಮೆಯಾಯಿತು. ಉಳಿದ ಕಾಲಕ್ಕೆ ನನಗೆ ಅದು ದುಬಾರಿಯೆನಿಸಿತು. ಪುಕ್ಕಟೆ ಸ್ಕೋರ್ ತೋರಿಸುವ ಆ್ಯಪ್‌ಗಳ ಗೊಡವೆಗೆ ಹೋಗದಿರುವುದು ಲೇಸು: ಸಾಲ ತೀರಿಸಲು ಹೆಣಗುತ್ತಿರುವವನಿಗೆ ಅವು ದಿನ ಬೆಳಗಾದರೆ ‘ಪೂರ್ವ ಅನುಮೋದಿತ’ ಸಾಲವನ್ನು ಮುಂದೊಡ್ಡುತ್ತವೆ.

ಲೋನ್ ಮುಚ್ಚಿದ ತಿಂಗಳಲ್ಲಿ ಸ್ಕೋರ್ ಸ್ವಲ್ಪ ಇಳಿದು ಆಮೇಲೆ ಸುಧಾರಿಸಿತು, ಹಾಗಾದಾಗ ಗಾಬರಿಯಾಗಬೇಕಿಲ್ಲ. ಈಗ ಚಂದಾ ನವೀಕರಿಸಿಲ್ಲ, ಮೂರು ತಿಂಗಳಿಗೊಂದು ಉಚಿತ ವರದಿ ಸಾಕಾಗಿದೆ. ಕಾರ್ಡು ನನ್ನ ಅತ್ಯಂತ ಹಳೆಯ ಖಾತೆ, ಅದು ಉಳಿದರೆ ಸ್ಕೋರಿಗೆ ಒಳ್ಳೆಯದಾದ್ದರಿಂದ ಅದನ್ನು ರದ್ದು ಮಾಡಿಲ್ಲ; ಮುದ್ರಣಾಲಯದ ಹೆಸ್ಕಾಂ ವಿದ್ಯುತ್ ಬಿಲ್ಲೊಂದನ್ನೇ ಅದರ ಮೇಲೆ ಹಾಕಿ, ಪೂರ್ತಿ ಮೊತ್ತ ತಾನಾಗಿ ಬ್ಯಾಂಕ್ ಖಾತೆಯಿಂದ ಕಡಿತವಾಗುವಂತೆ ಬರೆದುಕೊಟ್ಟಿದ್ದೇನೆ.