ಎ ಗೇಮ್ ಆಫ್ ಥ್ರೋನ್ಸ್ ಬೋರ್ಡ್ ಗೇಮ್: ಗೆಳೆಯರ ನಿಯತ್ತು ನೋಡಬೇಕಾ, ತಗೊಳ್ಳಿ

ಟಿವಿ ಸರಣಿ ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ. ಯಾರು ಸಾಯುತ್ತಾರೆ, ಯಾರು ಯಾರಿಗೆ ಚೂರಿ ಹಾಕುತ್ತಾರೆ, ಎಲ್ಲ ಮುಂದೆ ಬರುತ್ತೆ. ಆಮೇಲೆ ಬೈಬೇಡಿ.

ಗೇಮ್ ಆಫ್ ಥ್ರೋನ್ಸ್ ಮುಗಿದದ್ದು 2019ರ ಮೇ ತಿಂಗಳಲ್ಲಿ. ಎಂಟು ಸೀಸನ್, 73 ಕಂತು. ಬಳ್ಳಾರಿಯ ನಮ್ಮ ಗುಂಪಿನಲ್ಲಿ ಅದರ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಜಾನ್ ಸ್ನೋ ಒಳ್ಳೆಯ ನಾಯಕನಾ, ಇಲ್ಲ ಬರೀ ಒಳ್ಳೆಯ ಮನುಷ್ಯನಾ? ಜೇಮಿ ಕೊನೆಗೆ ಸರ್ಸೀ ಹತ್ತಿರ ವಾಪಸ್ ಓಡಿದ್ದು ನಿಯತ್ತಾ, ಹುಚ್ಚಾ? ಡೆನೇರಿಸ್ ಊರು ಸುಟ್ಟಳು ಸರಿ, ಆದರೆ ಅವಳ ಪಕ್ಕ ನಿಂತು 'ಬೇಡಮ್ಮಾ' ಅನ್ನೋಕೆ ಯಾರಾದರೂ ಉಳಿದಿದ್ದರಾ? ಟೀ ಅಂಗಡಿಯಲ್ಲಿ ಶುರುವಾದರೆ ಅಂಗಡಿಯವನು ಬೆಂಚು ಎತ್ತಿಡುವವರೆಗೂ ಇದೇ. ಬಾಯಲ್ಲಿ ತೀರದ್ದು ಹಲಗೆ ಮೇಲಾದರೂ ತೀರಲಿ ಅಂತ ಆರು ಜನ ಚಂದಾ ಹಾಕಿ ಈ ಆಟ ತರಿಸಿದೆವು. ತೀರಲಿಲ್ಲ, ಇನ್ನೂ ಜಾಸ್ತಿ ಆಯ್ತು. ಆದರೂ ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಇದು 2011ರಲ್ಲಿ ಬಂದ ಎರಡನೇ ಆವೃತ್ತಿ. ಮೊದಲನೆಯದು 2003ರದ್ದು. ಟಿವಿ ಸರಣಿ ಶುರುವಾದದ್ದೂ 2011ರಲ್ಲೇ, ಹಾಗಾಗಿ ಪೆಟ್ಟಿಗೆ ತೆಗೆದರೆ ನಮ್ಮ ನಟರ ಮುಖ ಕಾಣಿಸುತ್ತೆ ಅಂದುಕೊಳ್ಳಬೇಡಿ. ಆಟ ಕಟ್ಟಿರುವುದು ಕಾದಂಬರಿಗಳ ಮೇಲೆ, ಚಿತ್ರಗಳೆಲ್ಲ ಬೇರೆ. ಟಿವಿಯ ಯಾರಾ ಇಲ್ಲಿ ಆಶಾ. ವಿಕ್ಟೇರಿಯನ್, ಗಾರ್ಲನ್, ಅರಿಯಾನ್ ಅಂತ ಸರಣಿಯಲ್ಲಿ ಬರದೇ ಹೋದವರೂ ಇದ್ದಾರೆ. ನನ್ನ ತಂಗಿ ಒಂದೊಂದು ಕಾರ್ಡು ಎತ್ತಿ, "ಅಣ್ಣಾ, ಇವರು ಯಾರು, ಇವರ್ಯಾಕೆ ಇಲ್ಲಿ ಬಂದ್ರು?" ಅಂತ ಕೇಳುತ್ತಾ ಕೂತಳು. ಪುಸ್ತಕ ಓದಿದವರು ಗುಂಪಿನಲ್ಲಿ ಒಬ್ಬರಿದ್ದರೆ ಬಚಾವ್.

ಆಟ ಹೀಗೆ. ಆರು ಮನೆತನ: ಸ್ಟಾರ್ಕ್, ಲ್ಯಾನಿಸ್ಟರ್, ಬರಾಥಿಯನ್, ಗ್ರೇಜಾಯ್, ಟೈರೆಲ್, ಮಾರ್ಟೆಲ್. ಒಟ್ಟು ಹತ್ತು ಸುತ್ತು. ಯಾರು ಮೊದಲು ಏಳು ಕೋಟೆ ಹಿಡಿಯುತ್ತಾರೋ ಅವರು ಗೆದ್ದರು. ಪ್ರತಿ ಸುತ್ತಲ್ಲೂ ನಿಮ್ಮ ಸೈನ್ಯ ಇರುವ ಒಂದೊಂದು ಜಾಗಕ್ಕೂ ಒಂದೊಂದು ಆಜ್ಞೆಯ ಬಿಲ್ಲೆ ಬೋರಲಾಗಿ ಇಡಬೇಕು. ದಾಳಿ, ಕಾವಲು, ಬೆಂಬಲ, ಲೂಟಿ, ಬಲ ಕೂಡಿಸುವುದು, ಇಷ್ಟೇ. ಎಲ್ಲರೂ ಇಟ್ಟ ಮೇಲೆ ಒಟ್ಟಿಗೆ ತಿರುಗಿಸುವುದು. ಅಲ್ಲಿ ಶುರು ನೋಡಿ ಬಣ್ಣ ಬಯಲು. ಅಲ್ಲಿವರೆಗೆ ಯಾರು ಯಾರಿಗೆ ಏನು ಮಾತು ಬೇಕಾದರೂ ಕೊಡಬಹುದು. ಆ ಮಾತು ಉಳಿಸಿಕೊಳ್ಳಲೇಬೇಕು ಅಂತ ನಿಯಮದಲ್ಲಿ ಎಲ್ಲೂ ಇಲ್ಲ!

ಬೆಂಬಲದ ಬಿಲ್ಲೆಯಂತೂ ಪಕ್ಕಾ ಕಿತಾಪತಿ. ಪಕ್ಕದ ಜಾಗದಲ್ಲಿ ಇಬ್ಬರು ಹೊಡೆದಾಡುವಾಗ ನೀವು ಯಾರ ಕಡೆ ಬೇಕಾದರೂ ಸೈನ್ಯ ಸೇರಿಸಬಹುದು, ಸುಮ್ನೆ ಇರಲೂಬಹುದು. ನಮ್ಮಲ್ಲಿ ಜೀನ್ಸ್ ಹೊಲಿಸುವ ಗೆಳೆಯನೊಬ್ಬ ಇದ್ದಾನೆ. ಸರಣಿ ನೋಡುವಾಗಿಂದ ಸ್ಟಾರ್ಕ್ ಭಕ್ತ. ನೆಡ್ ಸ್ಟಾರ್ಕ್ ತಲೆ ಹೋದ ಕಂತಾದ ಮೇಲೆ ವಾರಗಟ್ಟಲೆ ಲ್ಯಾನಿಸ್ಟರ್ ಹೆಸರು ಎತ್ತಿದರೆ ಉರಿಯುತ್ತಿದ್ದ. ಅದೇ ಮಹಾನುಭಾವ ಬರಾಥಿಯನ್ ಆಡುತ್ತಿದ್ದ ನಮ್ಮ ಅತ್ತಿಗೆಗೆ "ಅಕ್ಕಾ, ನಿಮ್ಮ ಬೆನ್ನಿಗೆ ನಾನಿದ್ದೀನಿ" ಅಂತ ಹೇಳಿ, ಬಿಲ್ಲೆ ತಿರುಗಿಸಿದ ಮೇಲೆ ತಣ್ಣಗೆ ಎದುರಾಳಿ ಕಡೆ ಬೆಂಬಲ ಸೇರಿಸಿದ. ಅತ್ತಿಗೆ ಕೇಳಿದರು, "ನೆಡ್ ಸ್ಟಾರ್ಕ್ ಹಿಂಗ ಮಾಡ್ತಿದ್ನೇನಪ್ಪ?" ಅವನು ಹೇಳಿದ್ದು, "ಅದಕ್ಕೇ ಅಲ್ರೀ ಅಕ್ಕಾ ಅವನು ಸತ್ತಿದ್ದು."

ಈಗ ನನಗೆ ತುಂಬ ಹಿಡಿಸಿದ ಭಾಗಕ್ಕೆ ಬರುತ್ತೇನೆ, ಅದು ಕಾರ್ಡುಗಳು. ಒಂದೊಂದು ಮನೆತನಕ್ಕೆ ಏಳು ಕಾರ್ಡು, ಒಂದೊಂದರಲ್ಲಿ ಒಬ್ಬ ನಾಯಕ ಅಥವಾ ನಾಯಕಿ, ಬಲ ಸೊನ್ನೆಯಿಂದ ನಾಲ್ಕರವರೆಗೆ. ಒಮ್ಮೆ ಬಳಸಿದ ಕಾರ್ಡು ಬದಿಗೆ ಹೋಗುತ್ತೆ. ಏಳೂ ಮುಗಿಯುವವರೆಗೆ ಸಾಮಾನ್ಯವಾಗಿ ವಾಪಸ್ ಬರಲ್ಲ. ಅಂದರೆ ನಾಲ್ಕು ಬಲದ ಎಡ್ಡರ್ಡ್ ಸ್ಟಾರ್ಕ್ ಇದ್ದಾನೆ ಅಂತ ಪ್ರತಿ ಯುದ್ಧಕ್ಕೂ ಅವನನ್ನೇ ಕಳಿಸೋಕೆ ಆಗಲ್ಲ. ಚಿಕ್ಕವರನ್ನು ಯಾವ ಜಗಳಕ್ಕೆ ಕಳಿಸಬೇಕು, ಯಾವ ಯುದ್ಧ ಬೇಕಂತಲೇ ಸೋಲಬೇಕು, ದೊಡ್ಡವರನ್ನು ಯಾವಾಗಿನವರೆಗೆ ಬಚ್ಚಿಡಬೇಕು, ನಾಯಕತ್ವ ಅಂದರೆ ಇಲ್ಲಿ ಇದೇ ಲೆಕ್ಕ. ರಾಬ್ ಸ್ಟಾರ್ಕ್ ಯುದ್ಧ ಒಂದೂ ಸೋಲದೆ ರಾಜ್ಯ ಕಳಕೊಂಡ ಅಂತ ನಾವು ಎಷ್ಟು ಸಲ ಹೇಳಿದ್ದೇವೋ, ಈ ಏಳು ಕಾರ್ಡು ಕೈಯಲ್ಲಿ ಹಿಡಿದಾಗ ಅದು ಹೇಗೆ ಅಂತ ಗೊತ್ತಾಗುತ್ತೆ.

ರೂಸ್ ಬೋಲ್ಟನ್ ಕಾರ್ಡಿನ ಬಗ್ಗೆ ಹೇಳಲೇಬೇಕು. ಮೂರನೇ ಸೀಸನ್ನಿನ ಒಂಬತ್ತನೇ ಕಂತು, ಆ ಕೆಂಪು ಮದುವೆ, ರಾಬ್‌ಗೆ ಚೂರಿ ಹಾಕಿದ್ದು ಇವನೇ. ಆಟದಲ್ಲಿ ಇವನು ಸ್ಟಾರ್ಕ್ ಕಡೆಯ ಕಾರ್ಡು. ಇವನನ್ನು ಕಳಿಸಿ ಯುದ್ಧ ಸೋತರೆ, ನೀವು ಅಲ್ಲಿವರೆಗೆ ಬಳಸಿದ ಕಾರ್ಡುಗಳೆಲ್ಲ ಇವನ ಸಮೇತ ಕೈಗೆ ವಾಪಸ್ ಬರುತ್ತವೆ. ಸೋತರೇ ಲಾಭ! ಸ್ಟಾರ್ಕ್ ಆಡುವವರಿಗೆ ಇಷ್ಟು ಉಪಯೋಗದ ಮನುಷ್ಯ ಇನ್ನೊಬ್ಬನಿಲ್ಲ. ನಮ್ಮ ಜೀನ್ಸ್ ಗೆಳೆಯನಿಗೆ ಇದು ನುಂಗಲಾರದ ತುತ್ತು. ಬೋಲ್ಟನ್ ಕಾರ್ಡು ಮುಟ್ಟಲ್ಲ ಅಂತ ಪ್ರತಿಜ್ಞೆ ಮಾಡಿ ಕೂತ. ಸೋಲು ಹತ್ತಿರ ಬಂದಾಗ ಮುಟ್ಟಿದ. ನನ್ನ ವಾದ ಏನೆಂದರೆ ಆ ಕಾರ್ಡು ಬರೆದವರು ಸರಿಯಾಗೇ ಬರೆದಿದ್ದಾರೆ. ಚೂರಿ ಹಾಕುವ ದಿನದವರೆಗೂ ಬೋಲ್ಟನ್ ರಾಬ್‌ಗೆ ಬೇಕಾದ ಮನುಷ್ಯನೇ ಆಗಿದ್ದ. ಬೇಡದವನಾಗಿದ್ದರೆ ಅಷ್ಟು ಹತ್ತಿರ ಬಿಟ್ಟುಕೊಳ್ಳುತ್ತಿದ್ದನಾ?

ದಾವೋಸ್ ಕಾರ್ಡು ಇನ್ನೂ ಚೆಂದ. ಸ್ಟಾನಿಸ್ ಕಾರ್ಡು ಆಗಲೇ ಬಳಸಿ ಬದಿಗೆ ಹೋಗಿದ್ದರೆ ದಾವೋಸ್ ಬಲ ಒಂದು ಜಾಸ್ತಿ, ಮೇಲೆ ಎದುರಾಳಿ ಸೈನ್ಯವನ್ನು ಕೊಲ್ಲುವ ಕತ್ತಿಯ ಗುರುತು ಬೇರೆ. ಯಜಮಾನ ಹೋದ ಮೇಲೆ ಇವನ ನಿಜವಾದ ಗಟ್ಟಿತನ ಕಾಣುತ್ತೆ. ಟಿವಿಯಲ್ಲಿ ಆಗಿದ್ದೂ ಅದೇ ಅಲ್ವಾ. ಸ್ಟಾನಿಸ್ ಸತ್ತ ಮೇಲೆ ಜಾನ್ ಹೆಣದ ಪಕ್ಕ ಕಾವಲು ಕೂತವನು ದಾವೋಸ್. ತನಗೆ ಕಂಡರಾಗದ ಮೆಲಿಸಾಂಡ್ರೆಯನ್ನು 'ಒಂದು ಪ್ರಯತ್ನ ಮಾಡು' ಅಂತ ಕೇಳಿದವನೂ ಅವನೇ. ಥಿಯೋನ್ ಕಾರ್ಡು ಕೂಡ ಹಾಗೇ, ಕೋಟೆ ಕಾಯುವಾಗ ಮಾತ್ರ ಬಲ ಏರುತ್ತೆ. ಎಂಟನೇ ಸೀಸನ್ನಿನಲ್ಲಿ ವಿಂಟರ್‌ಫೆಲ್‌ನಲ್ಲಿ ಬ್ರಾನ್‌ನನ್ನು ಕಾಯುತ್ತಾ ಸತ್ತದ್ದು ನೆನಪಿದೆಯಾ? ಈ ಆಟ ಬಂದದ್ದು ಅದಕ್ಕಿಂತ ಎಂಟು ವರ್ಷ ಮೊದಲು.

ದಾವೋಸ್ ವಿಷಯ ಬಂದಾಗಲೆಲ್ಲ ನಮ್ಮ ಕಂಪ್ಲಿಯ ಗೆಳೆಯ ಆಟ ನಿಲ್ಲಿಸಿಬಿಡುತ್ತಾನೆ. ಗೆಂಡ್ರಿಯನ್ನು ಬಲಿ ಕೊಡಬೇಕು ಅಂತ ಸ್ಟಾನಿಸ್ ಹೊರಟಾಗ ದಾವೋಸ್ ಅವನನ್ನು ದೋಣಿ ಹತ್ತಿಸಿ ಕಳಿಸಿದನಲ್ಲ, ಅದು ದ್ರೋಹವಾ ನಿಯತ್ತಾ ಅಂತ ನಾವು ಕಿತ್ತಾಡುವಾಗ ಅವನದು ಒಂದೇ ಮಾತು: "ಲೇ, ಇದು ನಮ್ಮ ಬೈಚಪ್ಪನ ಕಥೆ." ಕುಮಾರರಾಮನ ಕಥೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಲತಾಯಿ ರತ್ನಾಜಿ ಸುಳ್ಳು ಆರೋಪ ಹೊರಿಸಿದಳು, ಕಂಪಿಲರಾಯ ಮಗನ ತಲೆ ತೆಗೆಯಲು ಹೇಳಿದ. ಮಂತ್ರಿ ಬೈಚಪ್ಪ ರಾಮನನ್ನು ಬಚ್ಚಿಟ್ಟು ಬೇರೆ ತಲೆ ತೋರಿಸಿದ. ಆಮೇಲೆ ದಿಲ್ಲಿ ಸೈನ್ಯ ಬಂದಾಗ ರಾಜ್ಯಕ್ಕೆ ಆಸರೆಯಾದದ್ದು ಆ ಬಚ್ಚಿಟ್ಟ ರಾಮನೇ. ಕುಮ್ಮಟದುರ್ಗ ಗಂಗಾವತಿ ತಾಲೂಕಿನಲ್ಲಿದೆ, ಕಂಪ್ಲಿಯವನಿಗೆ ಇದು ಮನೆ ಪಕ್ಕದ ವಿಷಯ. ರಾಜನ ಮಾತು ಮೀರಿದವನೇ ರಾಜನಿಗೆ ನಿಜವಾದ ನಿಯತ್ತಿನವನು ಅನ್ನುವುದು ಅವನ ವಾದ. ಇದಕ್ಕೆ ನಾನೂ ಹೂಂ ಅಂತೀನಿ.

ಹೂಂ ಅನ್ನದೇ ಇರುವುದು ಇನ್ನೊಂದಕ್ಕೆ. ಏಳನೇ ಸೀಸನ್ನಿನ ಕೊನೆಗೆ ಸರ್ಸೀ ಎದುರು ಜಾನ್ ಒಂದು ಸುಳ್ಳು ಹೇಳಿದ್ದರೆ ಕೆಲಸ ಆಗುತ್ತಿತ್ತು. ಹೇಳಲಿಲ್ಲ. ಡೆನೇರಿಸ್‌ಗೆ ಆಗಲೇ ಮಾತು ಕೊಟ್ಟಿದ್ದೇನೆ ಅಂದುಬಿಟ್ಟ. ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸ ಮಾಡುವ ಗೆಳೆಯನಿಗೆ ಇದು ಶುದ್ಧ ದಡ್ಡತನ. "ಸಾವಿರಾರು ಜನರ ಜೀವ ಕೈಯಲ್ಲಿ ಇಟ್ಕೊಂಡು ಸತ್ಯವಂತ ಆಗೋಕೆ ಹೋಗ್ತಾನಲ್ಲೋ!" ಅಂತ ಕೂಗುತ್ತಾನೆ. ಕಂಪ್ಲಿಯವನು ಮತ್ತೆ ಕಂಪಿಲರಾಯನನ್ನು ಎಳೆದು ತರುತ್ತಾನೆ. ಮಹಮ್ಮದ್ ಬಿನ್ ತುಘಲಕ್ ವಿರುದ್ಧ ಬಂಡೆದ್ದ ಬಹಾವುದ್ದೀನ್ ಗುರ್ಶಾಸ್ಪ್ ಓಡಿ ಬಂದಾಗ ಕಂಪಿಲರಾಯ ಆಶ್ರಯ ಕೊಟ್ಟ, ಒಪ್ಪಿಸು ಅಂದರೂ ಒಪ್ಪಿಸಲಿಲ್ಲ. 1327ರ ಹೊತ್ತಿಗೆ ರಾಜ್ಯವೇ ಹೋಯಿತು. ಅದೇ ಗುರ್ಶಾಸ್ಪ್ ಮುಂದೆ ಹೊಯ್ಸಳರ ಮೂರನೇ ಬಲ್ಲಾಳನ ಹತ್ತಿರ ಹೋದ. ಬಲ್ಲಾಳ ಹಿಡಿದು ಒಪ್ಪಿಸಿದ, ರಾಜ್ಯ ಉಳಿಸಿಕೊಂಡ. ಇವರಲ್ಲಿ ನಾಯಕ ಯಾರು? ಹಾಡು ಕಟ್ಟಿದ್ದು ಕಂಪಿಲನ ಮನೆಯವರ ಮೇಲೆ ಅಂತ ಅವನು, ಸತ್ತ ಪ್ರಜೆಗಳು ಹಾಡು ಕೇಳಲ್ಲ ಅಂತ ತೋರಣಗಲ್ಲಿನವನು. ನಾನು ಈ ವಿಷಯದಲ್ಲಿ ತೋರಣಗಲ್ಲಿನ ಕಡೆ. ಜಾನ್‌ನ ಸತ್ಯ ಅವನಿಗೆ ಮಾತ್ರ ನೆಮ್ಮದಿ ಕೊಟ್ಟಿತು.

ಆಟಕ್ಕೆ ವಾಪಸ್ ಬರೋಣ. ಆಗಾಗ ಉತ್ತರದ ಗೋಡೆಯ ಮೇಲೆ ವೈಲ್ಡ್ಲಿಂಗ್, ಅಂದರೆ ಗೋಡೆಯಾಚೆಯ ಜನರ ದಾಳಿ ಆಗುತ್ತೆ. ಆಗ ಎಲ್ಲ ಮನೆತನದವರೂ ತಾವು ಕೂಡಿಸಿಟ್ಟ ಬಲದ ಬಿಲ್ಲೆಗಳನ್ನು ಮುಷ್ಟಿಯಲ್ಲಿ ಮುಚ್ಚಿಟ್ಟು ಒಟ್ಟಿಗೆ ತೆರೆಯಬೇಕು. ಎಲ್ಲರದ್ದೂ ಕೂಡಿ ಸಾಕಷ್ಟಾದರೆ ಗೋಡೆ ಉಳಿಯಿತು, ಹೆಚ್ಚು ಕೊಟ್ಟವನಿಗೆ ಬಹುಮಾನ. ಸಾಲದೇ ಹೋದರೆ ಎಲ್ಲರಿಗೂ ಪೆಟ್ಟು, ಕಡಿಮೆ ಕೊಟ್ಟವನಿಗೆ ದೊಡ್ಡ ಪೆಟ್ಟು. ಇಬ್ಬರು ಸಮ ಕೊಟ್ಟಿದ್ದರೆ ಯಾರು ಮೇಲೆ ಯಾರು ಕೆಳಗೆ ಅಂತ ತೀರ್ಮಾನಿಸುವುದು ಐರನ್ ಥ್ರೋನ್, ಅಂದರೆ ಸಿಂಹಾಸನದ ಪಟ್ಟಿಯ ಮೊದಲ ಸ್ಥಾನ ಹಿಡಿದವನು. ಊರ ಜಾತ್ರೆಗೆ ಚಂದಾ ಎತ್ತುವಾಗ ದೊಡ್ಡ ಮನೆಯವರು ಜೇಬು ತಡಕುತ್ತಾ ನಿಲ್ಲುವ ಹಾಗೆ ನಮ್ಮ ಹುಡುಗರು ಮುಷ್ಟಿ ಹಿಡಿದು ಒಬ್ಬರ ಮುಖ ಒಬ್ಬರು ನೋಡುತ್ತಾರೆ. 'ನಾನು ಕೊಡ್ತೀನಿ, ನೀನೂ ಕೊಡು' ಅಂದವನ ಕೈ ತೆರೆದರೆ ಖಾಲಿ. ನಾಯಕತ್ವದ ಬಗ್ಗೆ ಮಾತಾಡಿದ್ದೆಲ್ಲ ಈ ಒಂದು ನಿಮಿಷದಲ್ಲಿ ಬೆತ್ತಲೆ. ಐರನ್ ಥ್ರೋನ್ ಬೇಕು ಅಂತ ಎಲ್ಲರೂ ಹೊಡೆದಾಡುವಾಗ ಸೈನ್ಯ ಕಟ್ಟಿಕೊಂಡು ಗೋಡೆಗೆ ಹೋದವನು ಸ್ಟಾನಿಸ್ ಒಬ್ಬನೇ. ಮಗಳನ್ನು ಸುಟ್ಟವನನ್ನು ನಾನು ಕ್ಷಮಿಸಲ್ಲ. ಆದರೆ ಆ ಒಂದು ಕೆಲಸಕ್ಕೆ ಅವನಿಗೆ ಕೊಡಬೇಕಾದ ಅಂಕ ಕೊಡಲೇಬೇಕು.

ಬೇಸರದ ವಿಷಯಗಳೂ ಇವೆ. ಪೆಟ್ಟಿಗೆಯಲ್ಲಿ ಮೂರರಿಂದ ಆರು ಜನ ಅಂತ ಇದೆ. ಮೂವರೇ ಕೂತರೆ ಸಪ್ಪೆ, ನಕ್ಷೆಯ ದಕ್ಷಿಣ ಭಾಗ ಖಾಲಿ ಹೊಡೆಯುತ್ತೆ. ಆರು ಜನ ಸೇರಿದರೆ ನಾಲ್ಕು ತಾಸು ಹೋದದ್ದೇ ಗೊತ್ತಾಗಲ್ಲ, ಹೊಸಬರಿದ್ದರೆ ಇನ್ನೂ ಜಾಸ್ತಿ. ಲ್ಯಾನಿಸ್ಟರ್ ಆಡುವವರ ಪಾಡು ಕೇಳಲೇಬೇಡಿ. ಪಕ್ಕದಲ್ಲೇ ಗ್ರೇಜಾಯ್ ಹಡಗು ಇಟ್ಟುಕೊಂಡು ಕೂತಿರುತ್ತಾನೆ, ಅವನು ಮೊದಲ ಸುತ್ತಲ್ಲೇ ಮೇಲೆ ಬಿದ್ದರೆ ಉಳಿದ ಹೊತ್ತೆಲ್ಲ ಬರೀ ತಡಕೊಳ್ಳುವುದೇ ಕೆಲಸ. ಮೊದಲ ಸಲ ಆಡುವವರ ಕೈಗೆ ಲ್ಯಾನಿಸ್ಟರ್ ಕೊಡಬೇಡಿ, ಪಾಪ. ಕಾರ್ಡಿನ ಮೇಲಿನ ಬರಹ ಎಲ್ಲ ಇಂಗ್ಲಿಷು, ನಿಯಮ ಪುಸ್ತಕ ಉದ್ದ. ಒಬ್ಬರು ಮೊದಲೇ ಓದಿಕೊಂಡು ಬಂದು ಕನ್ನಡದಲ್ಲಿ ಹೇಳಿಕೊಟ್ಟರೆ ಅರ್ಧ ಗಂಟೆಯಲ್ಲಿ ದಾರಿಗೆ ಬರುತ್ತೆ. ನಮ್ಮಲ್ಲಿ ಆ ಕೆಲಸ ತಂಗಿಯದು. ಮಾರ್ಟೆಲ್ ಆಡುವವಳೂ ಅವಳೇ. ಸೊನ್ನೆ ಬಲದ ಡೋರಾನ್ ಕಾರ್ಡು ಹಾಕಿ ಎದುರಾಳಿಯನ್ನು ಯಾರು ಮುಂದೆ ಯಾರು ಹಿಂದೆ ಅಂತ ತೋರಿಸುವ ಒಂದು ಪ್ರಭಾವದ ಪಟ್ಟಿಯಲ್ಲಿ ಕಟ್ಟ ಕಡೆಗೆ ತಳ್ಳಿ ಸುಮ್ನೆ ಟೀ ಕುಡಿಯುತ್ತಾಳೆ.

ನಮಗೆ ಬಂದ ಪೆಟ್ಟಿಗೆಯ ಮೂಲೆ ನಜ್ಜುಗುಜ್ಜಾಗಿತ್ತು, ಒಳಗಿನ ಸಾಮಾನು ಸರಿ ಇತ್ತು. ರಟ್ಟಿನ ಬಿಲ್ಲೆಗಳು ದಪ್ಪ, ಬಳ್ಳಾರಿ ಬೇಸಿಗೆಯಲ್ಲಿ ಫ್ಯಾನ್ ಐದರಲ್ಲಿ ಇಟ್ಟರೂ ಹಾರಲ್ಲ. ಕಾರ್ಡುಗಳಿಗೆ ಮಾತ್ರ ಪ್ಲಾಸ್ಟಿಕ್ ಕವರ್ ಹಾಕಿಸಿ. ಆಟದ ಮಧ್ಯೆ ಒಗ್ಗರಣೆ, ಮಿರ್ಚಿ ಬರದೇ ಇರಲ್ಲ, ಎಣ್ಣೆ ಕೈ ಬೋಲ್ಟನ್ ಮುಖಕ್ಕೆ ಆಗಲೇ ಹತ್ತಿದೆ.

ಡೆನೇರಿಸ್ ಅಭಿಮಾನಿಗಳಿಗೆ ಒಂದು ಮಾತು. ಈ ಪೆಟ್ಟಿಗೆಯಲ್ಲಿ ಟಾರ್ಗೇರಿಯನ್ ಮನೆತನ ಇಲ್ಲ. ಅದಕ್ಕೆ 2018ರಲ್ಲಿ ಬಂದ 'ಮದರ್ ಆಫ್ ಡ್ರಾಗನ್ಸ್' ಅನ್ನುವ ಹೆಚ್ಚುವರಿ ಪೆಟ್ಟಿಗೆ ಬೇರೆ ಕೊಳ್ಳಬೇಕು. ಅದರಲ್ಲಿ ಟಾರ್ಗೇರಿಯನ್, ಆರಿನ್ ಎರಡೂ ಸೇರಿ ಎಂಟು ಜನ ಆಡಬಹುದು. ಟಾರ್ಗೇರಿಯನ್ನರು ಗೆಲ್ಲಬೇಕಾದರೆ ನಿಷ್ಠೆಯ ಬಿಲ್ಲೆಗಳನ್ನು ಕೂಡಿಸಬೇಕು. ಕೊನೆಗೆ ಪಕ್ಕದಲ್ಲಿ ಒಬ್ಬರೂ ಉಳಿಯದ ಡೆನೇರಿಸ್‌ಗೆ ಇಂಥ ನಿಯಮ ಇಟ್ಟವರಿಗೆ ನಮಸ್ಕಾರ. ನಮ್ಮ ಅತ್ತಿಗೆಗೆ ಅದು ಬೇಕೇ ಬೇಕು. ಹೊಸ ಚಂದಾ ಶುರುವಾಗಿದೆ, ಆದರೆ ಟಾರ್ಗೇರಿಯನ್ ಯಾರು ಆಡುವುದು ಅಂತ ಮೊದಲೇ ಬರೆದು ಸಹಿ ಹಾಕಿದರೆ ಮಾತ್ರ ದುಡ್ಡು ಅಂತ ಅವರು ಕೂತಿದ್ದಾರೆ. ಜೀನ್ಸ್ ಗೆಳೆಯ 'ಬರೆಯೋದೆಲ್ಲ ಯಾಕೆ ಅಕ್ಕಾ, ನನ್ನ ಮಾತು ಸಾಲ್ದಾ' ಅಂದ. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.